ಕೋಟಿಂಗ್ ದಪ್ಪ, ಗಡಸುತನ ಅಳೆಯಲು ಏನು ತಗೊಳ್ಳಲಿ?

ಪ್ರಶ್ನೆ, ಉದ್ಯಮಬಾಗ, ಬೆಳಗಾವಿ: ನಮ್ಮದು ಸಣ್ಣ ಪೌಡರ್ ಕೋಟಿಂಗ್ ಶಾಪ್, ಅಂದರೆ ಲೋಹಕ್ಕೆ ಪುಡಿ ಬಣ್ಣ ಹಾಕಿ ಓವನ್‌ನಲ್ಲಿ ಕಾಯಿಸುವ ಕೆಲಸ. ಬೀಡಿನ ಕಾಸ್ಟಿಂಗ್ ಜಾಸ್ತಿ, ಆಗಾಗ ಅಲ್ಯುಮಿನಿಯಂ ಕವರ್‌ಗಳೂ ಬರುತ್ತವೆ. ಪುಣೆಯ ಹೊಸ ಪಾರ್ಟಿ 60ರಿಂದ 80 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪ, ಪೆನ್ಸಿಲ್ ಗಡಸುತನ ಎಚ್ (ಎಚ್ ಪೆನ್ಸಿಲ್‌ಗೂ ಗೀರು ಬೀಳಬಾರದು), ಎರಡರದ್ದೂ ರಿಪೋರ್ಟ್ ಕೇಳಿದ್ದಾರೆ. ಬಳಸಿದವರು ಹೇಳ್ರಿ.

ಪೇಂಟ್ ಶಾಪ್ ಸೂಪರ್‌ವೈಸರ್: ಸರ್, ಎಫ್ ಮತ್ತು ಎನ್ ಎರಡೂ ಇರುವ ಮೀಟರ್ ತಗೊಳ್ಳಿ. ಎಫ್ ಕಬ್ಬಿಣಕ್ಕೆ, ಕಾಂತದ ಮೇಲೆ ನಡೆಯುತ್ತದೆ. ಎನ್ ಅಲ್ಯುಮಿನಿಯಂ, ತಾಮ್ರಕ್ಕೆ, ಎಡ್ಡಿ ಕರೆಂಟ್ ಮೇಲೆ. ಬರೀ ಎಫ್ ತಗೊಂಡರೆ ನಿಮ್ಮ ಕವರ್‌ಗಳು ಅಳೆಯಲಾಗದೆ ಉಳಿದುಹೋಗುತ್ತವೆ. ನಮ್ಮ ಹಳಬರು ಯಾವ ಕಂಪನಿಯದ್ದಾದರೂ ಎಲ್ಕೋಮೀಟರ್ ಅಂತಲೇ ಕರೀತಾರೆ, ಅಂಗಡಿಯಲ್ಲಿ ಕೇಳುವಾಗ ನೆನಪಿರಲಿ.

ಕಂಪನಿಗಿಂತ ಝೀರೋ ಎಲ್ಲಿ ಮಾಡ್ತೀರಿ, ಅಂದರೆ ಮೀಟರನ್ನು ಯಾವುದರ ಮೇಲೆ ಸೊನ್ನೆಗೆ ತರ್ತೀರಿ ಅನ್ನೋದು ಮುಖ್ಯ. ಬಾಕ್ಸಿನಲ್ಲಿ ಬರುವ ನುಣುಪು ಪ್ಲೇಟಿನ ಮೇಲೆ ಝೀರೋ ಮಾಡಿ ಒರಟು ಬೀಡಿನ ಮೇಲೆ ಇಟ್ಟರೆ ಮೀಟರ್ ಜಾಸ್ತಿ ತೋರಿಸುತ್ತದೆ. ಬ್ಲಾಸ್ಟಿಂಗ್‌ನಿಂದ (ಕಾಳು ಹೊಡೆದು ಮೇಲ್ಮೈ ಸ್ವಚ್ಛ ಮಾಡುವುದು) ಬಿದ್ದ ತಗ್ಗನ್ನೂ ಅದು ಕೋಟಿಂಗ್ ಅಂತಲೇ ಎಣಿಸುತ್ತದೆ. ಬ್ಲಾಸ್ಟ್ ಆಗಿ ಇನ್ನೂ ಪೌಡರ್ ಬೀಳದ ನಿಮ್ಮದೇ ಪೀಸ್ ಒಂದನ್ನು ಎತ್ತಿಟ್ಟುಕೊಳ್ಳಿ. ಝೀರೋ ಅದರ ಮೇಲೆ. ಆಮೇಲೆ ಗೊತ್ತಿರುವ ದಪ್ಪದ ಫಾಯಿಲ್ (ತೆಳು ಹಾಳೆ) ಇಟ್ಟು ತಾಳೆ ನೋಡಿ. ಅಲ್ಯುಮಿನಿಯಂಗೆ ಬೇರೆ ಪೀಸ್. ಒಂದೊಂದು ಜಾಗದಲ್ಲಿ ಮೂರು ಸಲ ಇಟ್ಟು ಸರಾಸರಿ ಬರೆಯಿರಿ. ಅಂಚಿನ ಹತ್ತಿರ ರೀಡಿಂಗ್ ನಂಬಬೇಡಿ. ಓವನ್‌ನಿಂದ ಬಂದ ಬಿಸಿ ಪೀಸಿಗೆ ಮೀಟರಿನ ಪ್ರೋಬ್ (ಅಳೆಯುವ ತುದಿ) ಇಡಲೇಬೇಡಿ, ಹಾಳಾಗುತ್ತದೆ.

ಕ್ವಾಲಿಟಿ ವಿಭಾಗ, ಮಚ್ಛೆ: ಗಡಸುತನಕ್ಕೆ ದೊಡ್ಡ ಯಂತ್ರ ಯಾಕ್ರೀ? ಪೆನ್ಸಿಲ್ ಸೆಟ್, ಅದನ್ನು 45 ಡಿಗ್ರಿಯಲ್ಲಿ ಹಿಡಿಯುವ 750 ಗ್ರಾಂನ ಗಾಲಿ ಗಾಡಿ, ಇಷ್ಟು ಸಾಕು. ಕಟ್ಟಿಗೆ ಕೆತ್ತಿ ಸೀಸವನ್ನು 5-6 ಮಿಲಿಮೀಟರ್ ಹೊರಗೆ ಬಿಡಿ. ತುದಿ ಚೂಪು ಮಾಡಬಾರದು, 400 ನಂಬರ್ ಪಾಲಿಶ್ ಪೇಪರ್ ಮೇಲೆ ನೆಟ್ಟಗೆ ಹಿಡಿದು ಚಪ್ಪಟೆ ಮಾಡಬೇಕು. ಗಾಡಿಯನ್ನು ಕೋಟಿಂಗ್ ಮೇಲೆ ತಳ್ಳಿ ಗೆರೆ ಎಳೆಯಿರಿ, ಪ್ರತಿ ಗೆರೆಗೂ ಮತ್ತೆ ಚಪ್ಪಟೆ ಮಾಡಿ. ಗಟ್ಟಿ ಪೆನ್ಸಿಲ್‌ನಿಂದ ಶುರು ಮಾಡಿ ಇಳಿಯುತ್ತಾ ಬನ್ನಿ. ಗೀರು ಬೀಳದ ಮೊದಲ ಪೆನ್ಸಿಲ್ಲೇ ನಿಮ್ಮ ಗಡಸುತನ. ಎಚ್‌ಬಿ ಮತ್ತು ಎಚ್ ನಡುವೆ ಎಫ್ ಅಂತ ಒಂದು ಪೆನ್ಸಿಲ್ ಇದೆ, ಬಿಡಬೇಡಿ. ಒಂದು ಕಂಪನಿಯ ಎಚ್ ಇನ್ನೊಂದರ ಎಚ್‌ಗೆ ಸಮ ಇರೋದಿಲ್ಲ. ಪುಣೆಯವರು ಯಾವ ಪೆನ್ಸಿಲ್ ಬಳಸ್ತಾರೆ ಅಂತ ಮೊದಲೇ ಕೇಳಿ, ಆಮೇಲಿನ ಜಗಳ ತಪ್ಪುತ್ತದೆ.

ಎಚ್ ಬರದಿದ್ದರೆ ಪೌಡರ್ ಬೈಯುವ ಮೊದಲು ಓವನ್ ನೋಡಿ. ಪೌಡರ್ ಕಂಪನಿಯ ಮಾಹಿತಿ ಹಾಳೆಯಲ್ಲಿ 200 ಡಿಗ್ರಿ, 10 ನಿಮಿಷ ಅಂತಿದ್ದರೆ ಅದು ಲೋಹದ ಬಿಸಿ, ಗಾಳಿಯದ್ದಲ್ಲ. ದಪ್ಪ ಬೀಡು ಕಾಯೋದಕ್ಕೇ ಹೊತ್ತು ಹಿಡಿಯುತ್ತದೆ.

ಟ್ಯಾಂಕ್ ಪೇಂಟಿಂಗ್ ಗುತ್ತಿಗೆದಾರ, ಬಾಗಲಕೋಟೆ: ನಮ್ಮದು ಹಸಿ ಬಣ್ಣ. ಹಚ್ಚಿದ ಕೂಡಲೇ ಹಲ್ಲಿನ ಬಾಚಣಿಗೆ ಗೇಜ್ ಒತ್ತುತ್ತೇವೆ. ಬಣ್ಣದಲ್ಲಿ ಗಾತ್ರದ ಲೆಕ್ಕಕ್ಕೆ ಘನಾಂಶ 50 ಶೇಕಡಾ ಇದ್ದರೆ 100 ಮೈಕ್ರಾನ್ ಹಸಿ ಒಣಗಿ 50 ಆಗುತ್ತದೆ. ಹುಡುಗರು ಥಿನ್ನರ್ ಸುರಿದರೆ ಇನ್ನೂ ಕಡಿಮೆ. ನಿಮಗೆ ಪೌಡರ್‌ಗೆ ಇದು ಬೇಡ.

ಪ್ರಶ್ನೆ ಕೇಳಿದವರು: ಮೀಟರ್ ಸರಿ ತೋರಿಸುತ್ತದೆ ಅನ್ನೋ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಬೇಕಾಗ್ತದಾ?

ಸೂಪರ್‌ವೈಸರ್: ಆಡಿಟ್‌ಗೆ ಬಂದವರು ಕೇಳೇ ಕೇಳ್ತಾರೆ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಮಾಡಿಸಿ. ಮೀಟರ್ ಜೊತೆ ಫಾಯಿಲ್‌ಗಳನ್ನೂ ಕಳಿಸಿ.