ಹುಡುಗನ ಮನೆಯವ್ರು ಮೆಕ್ಸಿಕೊದವ್ರು, ಡಿಸೆಂಬರಲ್ಲಿ ಮೊದಲ ಸಲ ಅವ್ರ ಮನೆಗೆ ಹೋಗ್ತಿದೀನಿ, ಸ್ವಲ್ಪ ಹೇಳಿಕೊಡಿ

ಮಳೆಬಿಲ್ಲು:
ಎಲ್ರಿಗೂ ನಮಸ್ಕಾರ. ನಾನು ಮದ್ವೆ ಆಗ್ಬೇಕು ಅಂತಿರೋ ಹುಡುಗ ಮೆಕ್ಸಿಕೊದವನು, ಅವ್ನ ಅಪ್ಪ ಅಮ್ಮ ಅಜ್ಜಿ, ಇಬ್ರು ಅಕ್ಕಂದಿರು, ಅವ್ರ ಮಕ್ಕಳು ಎಲ್ಲ ಇರೋದು ಪ್ವೆಬ್ಲಾದಲ್ಲಿ. ಡಿಸೆಂಬರ್ 24ರ ರಾತ್ರಿ ಊಟಕ್ಕೆ ಇಡೀ ಕುಟುಂಬ ಸೇರುತ್ತಂತೆ, ನನ್ನನ್ನ ಅವ್ರೆಲ್ಲ ಎದುರಿಗೆ ನೋಡೋದು ಅವತ್ತೇ ಮೊದಲು. ಅಕ್ಕಂದಿರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತೆ, ಅಮ್ಮ ಅಜ್ಜಿಗೆ ಸ್ಪ್ಯಾನಿಷ್ ಮಾತ್ರ. ನಾನು ಆಪಲ್ಲಿ ಕಲೀತಿದೀನಿ, ಒಬ್ರು ನಿಧಾನಕ್ಕೆ ಮಾತಾಡಿದ್ರೆ ಅರ್ಥ ಆಗುತ್ತೆ, ನಾಲ್ಕು ಜನ ಒಟ್ಟಿಗೆ ಶುರು ಮಾಡಿದ್ರೆ ಏನೂ ತಿಳಿಯಲ್ಲ. ಇವ್ನನ್ನ ಕೇಳಿದ್ರೆ "ಯೋಚ್ನೆ ಮಾಡ್ಬೇಡ, ಎಲ್ರಿಗೂ ಇಷ್ಟ ಆಗ್ತೀಯ" ಅಂತಾನೆ ಅಷ್ಟೆ. ಅಮ್ಮನ್ನ ಏನಂತ ಕರೀಲಿ, ಕೆನ್ನೆಗೆ ಮುತ್ತು ಕೊಡೋದೆಲ್ಲ ಹೇಗೆ, ಏನು ತಗೊಂಡು ಹೋಗ್ಲಿ? ಇನ್ನೊಂದು, ನಾನು ಮಾಂಸ ಮೀನು ತಿನ್ನಲ್ಲ. ಅಜ್ಜಿ ಕೈಯಾರೆ ಮಾಡಿದ್ದನ್ನ ಬೇಡ ಅನ್ನೋಕೆ ಮನಸ್ಸು ಬರಲ್ಲ, ತಿನ್ನೋಕೂ ಆಗಲ್ಲ. ಅಂಥ ಮನೆ ಸೇರಿರೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಕಡಲತೀರ:
ನಾನು ಮೆಕ್ಸಿಕೊದ ಗ್ವಾದಲಹಾರಾ ಕಡೆ ಮನೆಯ ಸೊಸೆ, ನೀವು ಕೇಳಿದ್ದಕ್ಕೆ ಖುಷಿ ಆಯ್ತು. ನನ್ನ ಪ್ರಕಾರ ನೀವು ಒಂದೇ ಒಂದು ವಿಷ್ಯ ನೆನಪಿಟ್ಕೊಂಡ್ರೆ ಮುಕ್ಕಾಲು ಕೆಲಸ ಆದಂಗೆ: ಒಳಗೆ ಹೋದ ತಕ್ಷಣ ಮನೇಲಿರೋ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸ್ಬೇಕು. ಬಾಗಿಲಲ್ಲಿ ನಿಂತು ಎಲ್ರಿಗೂ ಸೇರಿಸಿ ಒಂದು ಓಲಾ ಅಂದ್ರೆ ಸಾಲಲ್ಲ. ಮೂಲೇಲಿ ಕೂತಿರೋ ಮಾವ, ಅಡುಗೆಮನೇಲಿರೋ ಅತ್ತೆ, ಟೀವಿ ನೋಡ್ತಿರೋ ಮಕ್ಕಳು, ಎಲ್ರ ಹತ್ರಾನೂ ಹೋಗಿ "ಬ್ವೆನಾಸ್ ನೊಚೆಸ್, ಮುಚೊ ಗುಸ್ತೊ" (ಶುಭ ರಾತ್ರಿ, ನಿಮ್ಮನ್ನ ನೋಡಿ ಖುಷಿ ಆಯ್ತು) ಅನ್ನಿ, ನಿಮ್ಮ ಹೆಸರು ಹೇಳಿ. ಅಜ್ಜಿ ಹತ್ರ ಮೊದಲು ಹೋಗಿ, ಅವ್ರು ಕೂತಿದ್ರೆ ನೀವೇ ಬಗ್ಗಿ. ಮೆಕ್ಸಿಕೊದಲ್ಲಿ ಒಂದೇ ಮುತ್ತು, ಅದೂ ಕೆನ್ನೆಗೆ ಕೆನ್ನೆ ತಾಗಿಸೋದು ಅಷ್ಟೆ, ಹೆಂಗಸರು ಎಲ್ರ ಜೊತೆ ಹಂಗೆ ಮಾಡ್ತಾರೆ, ಗಂಡಸರು ಗಂಡಸರಿಗೆ ಕೈ ಕೊಟ್ಟು ತಬ್ಕೋತಾರೆ. ಹೊರಡೋವಾಗ್ಲೂ ಇದೇ ಪೂರ್ತಿ ಸುತ್ತು ಇನ್ನೊಂದ್ಸಲ, ಅದಕ್ಕೆ ಅಂತಾನೇ ಸಮಯ ಇಟ್ಕೊಳಿ. ನಿಮ್ಮ ವ್ಯಾಕರಣ ತಪ್ಪಾಗಿದ್ದು ಯಾರಿಗೂ ನೆನಪಿರಲ್ಲ, ತಮ್ಮನ್ನ ಮಾತಾಡಿಸದೆ ಹೋದ್ಲು ಅನ್ನೋದು ಮಾತ್ರ ಮರೆಯಲ್ಲ.

ಅಪ್ಪ ಅಮ್ಮ ಅಜ್ಜಿ ಮೂವರಿಗೂ ಉಸ್ತೆದ್, ಅಂದ್ರೆ ಗೌರವದ ನೀವು, ಹಾಕಿ ಮಾತಾಡಿ. ಆಪಲ್ಲಿ ಜಾಸ್ತಿ ತು ಕಲಿಸ್ತಾರೆ, ಅದು ನಾವು ನೀನು ಅಂದಂಗೆ, ಅವ್ರಾಗೇ ತು ಅನ್ನು ಅನ್ನೋವರೆಗೂ ಬೇಡ. ಅಮ್ಮನ್ನ ಸೆನ್ಯೊರಾ ಅನ್ನಿ, ಅಪ್ಪನ್ನ ಸೆನ್ಯೊರ್ ಅನ್ನಿ, ಇಲ್ಲ ಹೆಸರಿನ ಮುಂದೆ ದೊನ್ಯಾ, ದೊನ್ ಸೇರಿಸಿ. ಆಮೇಲೆ ಅಮ್ಮನ ಸರ್‌ನೇಮ್ ಬೇರೆ ಇದ್ರೆ ಗಾಬರಿ ಆಗ್ಬೇಡಿ, ಅಲ್ಲಿ ಪ್ರತಿಯೊಬ್ರಿಗೂ ಅಪ್ಪನ ಕಡೆದೊಂದು ಅಮ್ಮನ ಕಡೆದೊಂದು ಅಂತ ಎರಡಿರುತ್ತೆ, ಮದ್ವೆ ಆದ್ರೂ ಕಾಗದ ಪತ್ರದಲ್ಲಿ ಬದಲಾಗಲ್ಲ.

ತಗೊಂಡು ಹೋಗೋಕೆ ಆ ತಿಂಗಳು ಎಲ್ಲಾ ಕಡೆ ಸಿಗೋ ಕೆಂಪು ಎಲೆಯ ನೊಚೆಬ್ವೆನಾ ಗಿಡದ ಕುಂಡ ಚೆನ್ನಾಗಿರುತ್ತೆ, ಅದು ಮೆಕ್ಸಿಕೊದ್ದೇ ಗಿಡ. ಅಜ್ಜಿಗೆ ಬೇರೆಯಾಗಿ ಏನಾದ್ರೂ ಚಿಕ್ಕದು ಇರಲಿ. ಚೆಂಡು ಹೂವು ಮಾತ್ರ ಬೇಡ, ಅದು ಅಲ್ಲಿ ನವೆಂಬರ್ ಶುರುವಲ್ಲಿ ತೀರಿಹೋದವರಿಗೆ ಇಡೋ ಹೂವು. ಸ್ವೆಟರ್ ತಗೊಳಿ, ಪ್ವೆಬ್ಲಾ 2,100 ಮೀಟರಿಗಿಂತ ಎತ್ತರದಲ್ಲಿದೆ, ಡಿಸೆಂಬರ್ ರಾತ್ರಿ ಚಳಿ ಇರುತ್ತೆ.

ಅ_ಆ_ಇ_ಈ:
ಉಚ್ಚಾರಣೆ ಬಗ್ಗೆ ಒಂದ್ಮಾತು. ಕನ್ನಡದವರಿಗೆ ಸ್ಪ್ಯಾನಿಷ್ ಬಾಯಿಗೆ ಬೇಗ ಬರುತ್ತೆ, ಇಂಗ್ಲಿಷ್ ಥರ ಓದೋಕೆ ಹೋಗ್ಬೇಡಿ ಅಷ್ಟೆ. ಅಲ್ಲಿ ಟ ಡ ಇಲ್ಲ, ತ ದ ಮಾತ್ರ. ಸ್ವರ ಅ ಎ ಇ ಒ ಉ ಐದೇ, ಬರೆದಂಗೆ ಓದ್ಬೇಕು. ಅವ್ರ ಮನೆ ಎಲ್ರ ಹೆಸರನ್ನೂ ಈಗ್ಲೇ ಕನ್ನಡ ಅಕ್ಷರದಲ್ಲಿ ಬರ್ಕೊಂಡು ಯಾರು ಯಾರ ಮಗ, ಯಾರ ಗಂಡ ಅಂತ ಬಾಯಿಪಾಠ ಮಾಡಿ, ಚಿಕ್ಕ ಮಗುವಿನ ಹೆಸರು ಹಿಡಿದು ಕರೆದ್ರೆ ಅದ್ರ ಅಮ್ಮನಿಗೆ ಎಷ್ಟು ಖುಷಿ ಆಗುತ್ತೆ ನೋಡಿ.

ದೂರದೂರು:
ನನ್ನ ಹೆಂಡ್ತಿ ಕಡೆಯವ್ರು ಮಾದ್ರಿದ್‌ನವ್ರು, ಅದಕ್ಕೇ ಹೇಳ್ತಿದೀನಿ, ಸ್ಪೇನ್ ಬಗ್ಗೆ ಓದಿದ್ದನ್ನ ಮೆಕ್ಸಿಕೊಗೆ ಹಚ್ಬೇಡಿ. ಸ್ಪೇನಲ್ಲಿ ಮುತ್ತು ಎರಡು, ಅತ್ತೆ ಮಾವನಿಗೂ ಬೇಗ ತು ಶುರುವಾಗುತ್ತೆ, ಇಲ್ಲಿ ನೀವೆಲ್ಲ ಅನ್ನೋಕೆ ಬಳಸೋ ವೊಸೊತ್ರೊಸ್ ಮೆಕ್ಸಿಕೊದಲ್ಲಿ ಮಾತಲ್ಲಿ ಬಳಸಲ್ಲ. ಎರಡೂ ಕಡೆ ಒಂದೇ ಇರೋದು ಅಂದ್ರೆ ಊಟ ಆದ್ಮೇಲೂ ಗಂಟೆಗಟ್ಲೆ ಮೇಜಲ್ಲೇ ಕೂತು ಮಾತಾಡೋದು, ಸೊಬ್ರೆಮೆಸಾ ಅಂತಾರೆ. ಅರ್ಥ ಆಗದಿದ್ರೂ ಎದ್ದು ಹೋಗ್ಬೇಡಿ, ಫೋನ್ ಕೈಗೆ ತಗೋಬೇಡಿ. ಪಕ್ಕದವರನ್ನ ಮೆಲ್ಲಗೆ ಕೇಳಿ, ಅವ್ರಿಗೆ ಹೇಳಿಕೊಡೋಕೆ ಇಷ್ಟಾನೇ.

ಮಳೆಬಿಲ್ಲು:
ತುಂಬಾ ಥ್ಯಾಂಕ್ಸ್, ಹೆಸರು ಬರ್ಕೊಳೋದು ಇವತ್ತೇ ಶುರು ಮಾಡ್ತೀನಿ. ಕಡಲತೀರ ಅವರೇ, ಊಟದ್ದು ಮಾತ್ರ ಸ್ವಲ್ಪ ಹೇಳಿ. ಅಡುಗೆಮನೇಲಿ ಸಹಾಯಕ್ಕೆ ಹೋಗ್ಬಹುದಾ?

ಕಡಲತೀರ:
ಊಟದ ವಿಷ್ಯ ನಿಮ್ಮ ಹುಡುಗನ ಕೈಲಿ ಈಗ್ಲೇ ಅಮ್ಮನಿಗೆ ಹೇಳಿಸಿ, ಮೇಜಿಗೆ ಕೂತ್ಮೇಲೆ ಹೇಳಿದ್ರೆ ಪಾಪ ಅವ್ರು ನೊಂದ್ಕೋತಾರೆ. ಬರೀ "ಕಾರ್ನೆ (ಮಾಂಸ) ತಿನ್ನಲ್ಲ" ಅಂದ್ರೆ ಎಷ್ಟೋ ಜನ ಕೋಳಿ ಹ್ಯಾಮ್ ಬಡಿಸ್ತಾರೆ, ಅದಕ್ಕೆ ಕೋಳಿ ಇಲ್ಲ ಮೀನು ಇಲ್ಲ ಸಿಗಡಿ ಇಲ್ಲ ಕೋಳಿ ಸಾರೂ ಇಲ್ಲ ಅಂತ ಬಿಡಿಸಿ ಹೇಳ್ಬೇಕು. ಅನ್ನಕ್ಕೆ ಕೋಳಿ ಸಾರು, ಹುರುಳಿಕಾಯಿ ಜಾತಿ ಕಾಳಿಗೂ ತಮಾಲೆಸ್ ಅನ್ನೋ ಜೋಳದ ಹಿಟ್ಟಿನ ಕಡುಬಿಗೂ ಹಂದಿ ಕೊಬ್ಬು ಹಾಕೋದು ಮಾಮೂಲು. 24ರ ರಾತ್ರಿ ಟರ್ಕಿ ಕೋಳಿ, ಬಕಲಾಒ ಅನ್ನೋ ಒಣ ಕಾಡ್ ಮೀನಿನ ಅಡುಗೆ, ರೊಮೆರಿತೊಸ್ ಸೊಪ್ಪು ಇರುತ್ತೆ, ಸೊಪ್ಪು ಅಂತ ನಂಬ್ಬೇಡಿ, ಅದಕ್ಕೂ ಒಣ ಸಿಗಡಿ ಬೀಳುತ್ತೆ. ಸೇಬಿನ ಸಲಾಡ್, ಬುನ್ಯುವೆಲೊಸ್ ಅನ್ನೋ ಕರಿದ ಸಿಹಿ, ಹಣ್ಣು ಕಬ್ಬು ಹಾಕಿ ಕುದಿಸೋ ಬಿಸಿ ಪೊಂಚೆ ಸಾಮಾನ್ಯವಾಗಿ ನಡೆಯುತ್ತೆ, ಪೊಂಚೆಗೆ ರಮ್ ಬೆರೆಸಿದಾರಾ ಅಂತ ಒಮ್ಮೆ ಕೇಳಿ. ಊಟ ಹತ್ತು ಗಂಟೆ ಮೇಲೇನೇ, ಕೆಲವು ಮನೇಲಿ ಹನ್ನೆರಡಕ್ಕೆ, ಸಂಜೆ ಏನಾದ್ರೂ ತಿಂದು ಹೋಗಿ. ಇನ್ನೂ ಬೇಕಾ ಅಂತ ಕೇಳ್ದಾಗ ಬರೀ ಗ್ರಾಸಿಯಾಸ್ (ಥ್ಯಾಂಕ್ಸ್) ಅಂದ್ರೆ ಬೇಡ ಅಂತ ತಿಳ್ಕೋತಾರೆ, ಬೇಕಿದ್ರೆ "ಸಿ, ಪೊರ್ ಫವೊರ್" (ಹೂಂ, ಪ್ಲೀಸ್) ಅನ್ನಿ. ಯಾರಾದ್ರೂ ತಿನ್ನೋಕೆ ಕೂತಿದ್ರೆ ಪ್ರೊವೆಚೊ (ಚೆನ್ನಾಗಿ ಊಟ ಮಾಡಿ) ಅನ್ನಿ, ಮೇಜಿಂದ ಏಳೋವಾಗ ಕೊನ್ ಪೆರ್ಮಿಸೊ (ಅಪ್ಪಣೆ ಕೊಡಿ) ಅನ್ನಿ.

ಸಹಾಯಕ್ಕೆ ಖಂಡಿತ ಹೋಗಿ. ಬೇಡ ಕೂತ್ಕೊ ಅಂತಾರೆ, ಆದ್ರೂ ತಟ್ಟೆ ಎತ್ತೋದು ಲೋಟ ಜೋಡಿಸೋದು ಮಾಡಿ, ಅಮ್ಮ ಅಜ್ಜಿ ಜೊತೆ ಕಡಿಮೆ ಮಾತಲ್ಲಿ ಹತ್ತಿರ ಆಗೋಕೆ ಅಡುಗೆಮನೆಗಿಂತ ಒಳ್ಳೆ ಜಾಗ ಇಲ್ಲ. ಮನೇಲಿ ತಲವೆರಾ ಪಿಂಗಾಣಿ ಕಂಡ್ರೆ ಅದ್ರ ಬಗ್ಗೆ ಕೇಳಿ, ಅದು ಅವ್ರ ಊರಿನ ಹೆಮ್ಮೆ, 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಮೇ 5ನ್ನ ಮಾತ್ರ ಸ್ವಾತಂತ್ರ್ಯ ದಿನ ಅನ್ಬೇಡಿ, ಅದು 1862ರಲ್ಲಿ ಅದೇ ಪ್ವೆಬ್ಲಾದಲ್ಲಿ ಫ್ರೆಂಚರನ್ನ ಸೋಲಿಸಿದ ದಿನ, ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16.

ಅಜ್ಜಿ ಇರೋ ಮನೆ ಅಂದ್ರೆ ರಾತ್ರಿ ಬಾಲ ಯೇಸು ಗೊಂಬೆಗೆ ಜೋಗುಳ ಹಾಡಿ ಗೋದಲಿಯಲ್ಲಿ ಮಲಗಿಸೋದೂ ಇರ್ಬಹುದು. ಅವ್ರ ಪಕ್ಕ ನಿಂತ್ಕೊಳಿ ಸಾಕು. ಆಮೇಲೆ 25ಕ್ಕೆ ಬೇರೆಲ್ಲೂ ಸುತ್ತೋ ಪ್ಲಾನ್ ಹಾಕ್ಕೋಬೇಡಿ, ರಾತ್ರಿ ಮಿಕ್ಕಿದ್ದನ್ನ ಬಿಸಿ ಮಾಡ್ಕೊಂಡು ತಿನ್ನೋಕೆ ಅವತ್ತು ಮತ್ತೆ ಎಲ್ರೂ ಸೇರ್ತಾರೆ, ನಿಮ್ಮನ್ನೂ ಕಾಯ್ತಿರ್ತಾರೆ.