ಹುಟ್ಟುಹಬ್ಬಕ್ಕೆ 60 ಪುಟಾಣಿ ಫ್ರೂಟ್ ಟಾರ್ಟ್: ತಳ ಮೆತ್ತಗಾಗದ ಹಾಗೆ ಮಾಡುವುದು ಹೇಗೆ?

ಒಟಿಜಿ_ಹೊಸಬಳು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಮಗಳ ಹುಟ್ಟುಹಬ್ಬ ಇದೆ. ಬೆಂಗಳೂರಲ್ಲೇ, ಮನೆ ಟೆರೇಸ್ ಮೇಲೆ, ಸಂಜೆ 5 ಗಂಟೆಗೆ. ಮಕ್ಕಳು, ದೊಡ್ಡವರು ಸೇರಿ 30 ಜನ ಆಗುತ್ತಾರೆ. ಕೇಕ್ ಹೊರಗಿನಿಂದ ತರಿಸುತ್ತೇವೆ, ಆದರೆ ಅದರ ಜೊತೆ ಒಂದೇ ತುತ್ತಿಗೆ ಬಾಯಿಗೆ ಹೋಗುವಂಥ ಫ್ರೂಟ್ ಟಾರ್ಟ್ ನಾನೇ ಮಾಡಬೇಕು ಅಂತಿದ್ದೇನೆ. ತಲೆಗೆ ಎರಡು ಅಂದರೆ 60. ಕೆಳಗೆ ಗರಿಗರಿ ಬಟ್ಟಲು, ಮಧ್ಯೆ ಕಸ್ಟರ್ಡ್, ಮೇಲೆ ಹಣ್ಣು, ಅಷ್ಟೇ.

ಹೆದರಿಕೆ ಏನೆಂದರೆ, ಹೋದ ವರ್ಷ ಒಂದು ಬೇಕರಿಯಿಂದ ಇದನ್ನೇ ತರಿಸಿದ್ದೆವು. ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ತಳ ಕಳಚಿ ಬೀಳುತ್ತಿತ್ತು. ಮಕ್ಕಳ ಬಟ್ಟೆಯೆಲ್ಲ ಕಸ್ಟರ್ಡ್.

ನಮ್ಮದು 25 ಲೀಟರ್ ಒಟಿಜಿ (ಕರೆಂಟ್‌ನ ಚಿಕ್ಕ ಓವನ್). ಅಚ್ಚು ಇರುವುದು 12 ಮಾತ್ರ. ಮೊಟ್ಟೆ ಹಾಕುವ ಹಾಗಿಲ್ಲ, ಅತ್ತೆ ಮನೆಯವರು ತಿನ್ನುವುದಿಲ್ಲ. ಹಿಂದಿನ ದಿನವೇ ಎಷ್ಟು ಮಾಡಿಟ್ಟುಕೊಳ್ಳಬಹುದು? ಬಣ್ಣ ಬಣ್ಣವಾಗಿ ಕಾಣಲಿ ಅಂತ ಮಾವು, ಅನಾನಸ್, ಕಿವಿ ಮೂರೂ ಬೇಕು ಅನ್ನುತ್ತಿದ್ದಾಳೆ ಮಗಳು. ಮತ್ತೆ ಹಣ್ಣಿನ ಮೇಲೆ ಹೊಳಪಾಗಿ ಏನೋ ಹಚ್ಚಿರುತ್ತಾರಲ್ಲ, ಅದು ಏನು?

ಬೆಣ್ಣೆ_ಬಿಸ್ಕತ್ತು

ಬೇಕರಿಯವರು ಬೆಳಿಗ್ಗೆಯೇ ತುಂಬಿಟ್ಟಿರುತ್ತಾರೆ, ಅದಕ್ಕೇ ಹಾಗಾಗುವುದು. ಬಟ್ಟಲು, ಕಸ್ಟರ್ಡ್, ಹಣ್ಣು ಈ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡು, ತಿನ್ನುವುದಕ್ಕೆ ಒಂದು ಗಂಟೆ ಮೊದಲು ಜೋಡಿಸಿದರೆ ಅರ್ಧ ತಲೆನೋವು ಹೋಯಿತು. ಖಾಲಿ ಬಟ್ಟಲು ಗಾಳಿಯಾಡದ ಡಬ್ಬಿಯಲ್ಲಿ ಮೂರು ದಿನ ಧಾರಾಳವಾಗಿ ಇರುತ್ತದೆ, ಫ್ರಿಜ್ ಬೇಡ. ಕಸ್ಟರ್ಡ್ ಹಿಂದಿನ ರಾತ್ರಿ ಮಾಡಿ ಫ್ರಿಜ್‌ನಲ್ಲಿಡಿ.

60 ಬಟ್ಟಲಿಗೆ 500 ಗ್ರಾಂ ಮೈದಾ, 250 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, 50–60 ಎಂ.ಎಲ್. ಐಸ್ ನೀರು. ಒಂದೊಂದಕ್ಕೆ 15 ಗ್ರಾಂ ಹಿಟ್ಟು ಬರುತ್ತದೆ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಅಳತೆ ದೊಡ್ಡ ವಿಷಯವಲ್ಲ, ಮೇ ತಿಂಗಳ ಸೆಖೆಯೇ ದೊಡ್ಡ ವಿಷಯ. ಅಡುಗೆಮನೆ 32 ಡಿಗ್ರಿ ಇದ್ದರೆ ಬೆಣ್ಣೆ ಕೈಯಲ್ಲೇ ಎಣ್ಣೆಯಾಗುತ್ತದೆ, ಆಮೇಲೆ ಬಟ್ಟಲು ಗರಿಗರಿ ಆಗದೆ ಕಲ್ಲಾಗುತ್ತದೆ. ಅದಕ್ಕೆ ಬೆಣ್ಣೆಯನ್ನು ತುಂಡು ಮಾಡಿ 15 ನಿಮಿಷ ಫ್ರೀಜರ್‌ಗೆ ಹಾಕಿ, ಮೈದಾವನ್ನೂ ಫ್ರಿಜ್‌ನಲ್ಲಿಟ್ಟಿರಿ, ಬೆಳಿಗ್ಗೆ 6 ಗಂಟೆಗೇ ಶುರು ಮಾಡಿ. ಬೆರಳ ತುದಿಯಲ್ಲಿ ಉಜ್ಜುತ್ತಾ ಹಿಟ್ಟು ರವೆ ರವೆ ಆದ ಮೇಲೆ ಚಮಚ ಚಮಚ ನೀರು ಹಾಕಿ ಒಟ್ಟುಗೂಡಿಸಿ, ಸಾಕು. ಚಪಾತಿ ಹಿಟ್ಟು ನಾದುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ನಾದಿದಷ್ಟೂ ಗ್ಲುಟೆನ್, ಅಂದರೆ ಮೈದಾದ ಜಿಗುಟು ಪ್ರೋಟೀನ್, ಬಿಗಿಯಾಗಿ, ಓವನ್‌ನಲ್ಲಿ ಬಟ್ಟಲು ಕುಗ್ಗಿ ಚಪ್ಪಟೆ ಆಗುತ್ತದೆ.

ಅರ್ಧ ಗಂಟೆ ಫ್ರಿಜ್. ಆಮೇಲೆ ಉಂಡೆ ಮಾಡಿ ಅಚ್ಚಿಗೆ ಹೆಬ್ಬೆರಳಲ್ಲಿ ಒತ್ತಿ, ಸುಮಾರು 3 ಮಿಲಿಮೀಟರ್ ದಪ್ಪ. ತಳಕ್ಕೆ ಫೋರ್ಕ್‌ನಿಂದ ಚುಚ್ಚಿ ಇನ್ನೊಂದು 15 ನಿಮಿಷ ಫ್ರಿಜ್, ಆಮೇಲೆ 180 ಡಿಗ್ರಿಯಲ್ಲಿ 15–18 ನಿಮಿಷ. ಅಂಚು ಮಾತ್ರ ಕೆಂಪಾದರೆ ಸಾಲದು, ತಳವೂ ಬಣ್ಣ ತಿರುಗಿರಬೇಕು. ಬೆಳ್ಳಗಿರುವ ತಳವೇ ಆಮೇಲೆ ಮೆತ್ತಗಾಗುವುದು. 12 ಅಚ್ಚಿನಲ್ಲಿ 5 ಸಲ ಆಗುತ್ತದೆ, ಒಂದು ಬೆಳಿಗ್ಗೆ ಪೂರ್ತಿ ಹೋಗುತ್ತದೆ ಅಂದುಕೊಳ್ಳಿ. ಪ್ರತಿ ಸಲ ಅಚ್ಚನ್ನು ಪೂರ್ತಿ ಆರಿಸಿಯೇ ಮುಂದಿನ ಹಿಟ್ಟು ಒತ್ತಿ.

ಆರಿದ ಬಟ್ಟಲಿನ ಒಳಗೆ ಕರಗಿಸಿದ ಬಿಳಿ ಚಾಕೊಲೇಟ್ ತೆಳ್ಳಗೆ ಬ್ರಷ್ ಮಾಡಿ. ಕೊಬ್ಬಿನ ಪದರ ನೀರನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಇದೊಂದನ್ನು ಬಿಟ್ಟರೆ ಉಳಿದ ಕಷ್ಟವೆಲ್ಲ ದಂಡ.

ಕಸ್ಟರ್ಡ್ ಪೌಡರ್ ಬಗ್ಗೆ ಅತ್ತೆಯವರಿಗೆ ಅನುಮಾನ ಇದ್ದರೆ ಹೇಳಿ, ಅದರಲ್ಲಿ ಮೊಟ್ಟೆ ಇಲ್ಲ, ಮುಖ್ಯವಾಗಿ ಕಾರ್ನ್‌ಫ್ಲೋರ್. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಅದನ್ನು ಮಾಡಿದ್ದೇ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ ಅಂತ. ಡಬ್ಬಿ ಮೇಲಿನ ಅಳತೆ ಫ್ರೂಟ್ ಸಲಾಡ್‌ಗೆ ಸುರಿಯುವಂಥದ್ದು, ಟಾರ್ಟ್‌ಗೆ ಅದರ ಎರಡರಷ್ಟು ಪುಡಿ ಬೇಕು. ಅರ್ಧ ಲೀಟರ್ ಹಾಲು ಸಾಕು, 60ಕ್ಕೂ ಆಗುತ್ತದೆ. ಗುಳ್ಳೆ ಬಂದ ಮೇಲೂ ಒಂದು ನಿಮಿಷ ಕುದಿಸಿ, ಇಲ್ಲದಿದ್ದರೆ ಆಮೇಲೆ ನೀರೊಡೆಯುತ್ತದೆ.

ಹಣ್ಣು_ಹಂಪಲು

ಮೇಲಿನವರು ಹಣ್ಣಿನ ವಿಷಯ ಬಿಟ್ಟೇಬಿಟ್ಟರು! ಮಾವು ಸರಿ, ಹಸಿ ಅನಾನಸ್ ಮತ್ತು ಕಿವಿ ಮಾತ್ರ ಬೇಡ.

ಅನಾನಸ್‌ನಲ್ಲಿ ಬ್ರೊಮೆಲೇನ್ ಅಂತ ಕಿಣ್ವ ಇದೆ, ಕಿವಿಯಲ್ಲಿ ಆಕ್ಟಿನಿಡಿನ್, ಪಪ್ಪಾಯಿಯಲ್ಲಿ ಪಪೇನ್. ಮೂರೂ ಪ್ರೋಟೀನನ್ನು ಒಡೆಯುತ್ತವೆ. ಹಾಲಿನ ಕಸ್ಟರ್ಡ್ ಮೇಲೆ ಹಸಿಯಾಗಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕಹಿ ಬರುತ್ತದೆ. ಅನಾನಸ್ ಮಿಲ್ಕ್‌ಶೇಕ್ ಮಾಡಿ ಅರ್ಧ ಗಂಟೆ ಇಟ್ಟವರಿಗೆ ಆ ಕಹಿ ಗೊತ್ತಿರುತ್ತದೆ. ಅನಾನಸ್‌ಗೆ ಪರಿಹಾರ ಸುಲಭ, ಸಣ್ಣಗೆ ಹೆಚ್ಚಿ ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ, ಕಿಣ್ವ ಸತ್ತುಹೋಗುತ್ತದೆ. ಡಬ್ಬಿ ಅನಾನಸ್‌ಗೂ ಈ ತೊಂದರೆ ಇಲ್ಲ, ಅದನ್ನು ಬಿಸಿ ಮಾಡಿಯೇ ತುಂಬಿರುತ್ತಾರೆ. ಕಿವಿಯನ್ನು ಬೇಯಿಸಿದರೆ ಹಸಿರು ಬಣ್ಣ ಮಂಕಾಗುತ್ತದೆ, ಮತ್ತೆ ಯಾಕೆ ಹಾಕಬೇಕು? ಹಸಿರು ದ್ರಾಕ್ಷಿ ಹಾಕಿ. ಚಿಕ್ಕ ಮಕ್ಕಳು ಬರುತ್ತಾರಲ್ವಾ, ದ್ರಾಕ್ಷಿಯನ್ನು ಇಡಿಯಾಗಿ ಇಡಬೇಡಿ, ಉದ್ದಕ್ಕೆ ನಾಲ್ಕು ಸೀಳು ಮಾಡಿ. ದುಂಡಗಿನ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುವುದು ತಮಾಷೆ ಅಲ್ಲ.

ಮಾವಿನಲ್ಲಿ ಬಾದಾಮಿ ತಗೊಳ್ಳಿ, ಸ್ವಲ್ಪ ಗಟ್ಟಿ ಇರುವಾಗಲೇ. ರಸಪುರಿ ಸೀಕರಣೆಗೆ ಇರಲಿ, ಅದು ಟಾರ್ಟ್ ಮೇಲೆ ನಿಲ್ಲುವುದಿಲ್ಲ, ರಸ ಸುರಿಯುತ್ತದೆ. ಹೆಚ್ಚಿದ ಹಣ್ಣನ್ನು ಟಿಶ್ಯೂ ಮೇಲೆ ಹತ್ತು ನಿಮಿಷ ಹರಡಿ, ಆಮೇಲೆ ಜೋಡಿಸಿ. ದಾಳಿಂಬೆ ಕಾಳು ಕೆಂಪಿಗೆ ಚೆನ್ನಾಗಿರುತ್ತದೆ, ನೀರೂ ಬಿಡುವುದಿಲ್ಲ.

ಹೊಳಪಿಗೆ ಬೇಕರಿಗಳಲ್ಲಿ ಸಿದ್ಧ ಜೆಲ್ ಬಳಸುತ್ತಾರೆ. ಮನೆಯಲ್ಲಾದರೆ ಜಾಮ್‌ಗೆ ಒಂದು ಚಮಚ ನೀರು ಹಾಕಿ ಬಿಸಿ ಮಾಡಿ ಸೋಸಿ, ಬೆಚ್ಚಗಿರುವಾಗಲೇ ಬ್ರಷ್‌ನಲ್ಲಿ ಹಚ್ಚಿ. ಬಣ್ಣ ಬೇಡ ಅಂದರೆ ಚೈನಾ ಗ್ರಾಸ್ ಕುದಿಸಿ ಹಚ್ಚಿ. ಜೆಲಾಟಿನ್ ಬೇಡ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದು, ಮೊಟ್ಟೆ ತಿನ್ನದವರಿಗೆ ಅದನ್ನು ತಿನ್ನಿಸಿದ ಹಾಗಾಗುತ್ತದೆ. ಟೆರೇಸ್ ಸೆಖೆಗೆ ಕರಗಲೂ ಶುರುವಾಗುತ್ತದೆ. ಚೈನಾ ಗ್ರಾಸ್ ಸಮುದ್ರದ ಪಾಚಿಯದ್ದು, ಒಮ್ಮೆ ಕೂತರೆ 80 ಡಿಗ್ರಿ ದಾಟುವವರೆಗೆ ಜಪ್ಪಯ್ಯ ಅನ್ನುವುದಿಲ್ಲ.

ಪುತ್ತೂರು_ಕಡೆಯವಳು

ಎಲ್ಲ ಓದಿದೆ. ಮೇ ತಿಂಗಳು, ಟೆರೇಸ್, ಹಾಲಿನ ಕಸ್ಟರ್ಡ್, ಮಕ್ಕಳು. ನನಗೆ ಈ ಜೋಡಿಯೇ ಸರಿ ಕಾಣುವುದಿಲ್ಲ. ಕಸ್ಟರ್ಡ್ ಫ್ರಿಜ್‌ನಿಂದ ಹೊರಗೆ ಹೆಚ್ಚೆಂದರೆ ಎರಡು ಗಂಟೆ ಇರಬಹುದು, 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಹುಟ್ಟುಹಬ್ಬ ಅಂದರೆ 5 ಗಂಟೆಗೆ ಅಂತ ಕರೆದು ಕೇಕ್ ಕತ್ತರಿಸುವಾಗ 7 ಆಗಿರುತ್ತದೆ.

ಕಸ್ಟರ್ಡ್ ಬಿಟ್ಟು ಬೇಯಿಸಿದ ಹಣ್ಣು ತುಂಬಿ ಮುಚ್ಚಿಬಿಡಿ. ನಮ್ಮಲ್ಲಿ ಹಲಸಿನ ಹಣ್ಣಿನ ಬೆರಟಿ ಮಾಡುತ್ತಾರಲ್ಲ, ಹಣ್ಣಿನ ತೊಳೆಯನ್ನು ಬೆಲ್ಲ ಹಾಕಿ ಗಂಟೆಗಟ್ಟಲೆ ಮಗುಚಿ ಗಟ್ಟಿ ಮಾಡಿದ್ದು, ಅದನ್ನು ನಾನು ಟಾರ್ಟ್‌ಗೆ ತುಂಬುತ್ತೇನೆ. ನೀರಿನ ಅಂಶ ತೀರಾ ಕಡಿಮೆ, ತಳ ಮೆತ್ತಗಾಗುವ ಪ್ರಶ್ನೆಯೇ ಬರುವುದಿಲ್ಲ. ಸ್ವಲ್ಪ ತುಪ್ಪ, ಏಲಕ್ಕಿ, ಹುರಿದ ತೆಂಗಿನ ತುರಿ ಸೇರಿಸಿ ಮೆದುಗೊಳಿಸಿ, ಚಿಕ್ಕ ನೆಲ್ಲಿಕಾಯಿ ಗಾತ್ರ ಇಟ್ಟು ಕರ್ಜಿಕಾಯಿಗೆ ಮಡಿಸಿದಂತೆ ಮಡಿಸಿ ಬೇಕ್ ಮಾಡಿ. ಮೇಲೆ ಹಾಲು ಸವರಿದರೆ ಒಳ್ಳೆ ಬಣ್ಣ ಬರುತ್ತದೆ. ಹಿಂದಿನ ದಿನ ಮಾಡಿ ಡಬ್ಬಿಗೆ ಹಾಕಿಟ್ಟರೆ ಮುಗಿಯಿತು, ಹುಟ್ಟುಹಬ್ಬದ ದಿನ ನೀವೂ ಸೀರೆ ಉಟ್ಟುಕೊಂಡು ಓಡಾಡಬಹುದು. ಮೇ ಅಂದರೆ ಹಲಸಿನ ಕಾಲ ಬೇರೆ.

ಸಿಂಗಾಪುರದಿಂದ

ಪುತ್ತೂರಿನವರ ಮಾತಿಗೆ ನನ್ನದೊಂದು ಮತ. ಇಲ್ಲಿ ಚೀನೀ ಹೊಸ ವರ್ಷಕ್ಕೆ ಮನೆಮನೆಯಲ್ಲೂ ಅನಾನಸ್ ಟಾರ್ಟ್ ಡಬ್ಬಿ ಇರುತ್ತದೆ, ಮಲೇಷ್ಯಾದಲ್ಲೂ ಹಾಗೇ. ಅದರ ಗುಟ್ಟು ಕೂಡ ಒಣಗಿಸಿದ ಹಣ್ಣೇ. ಅನಾನಸ್ ತುರಿದು, ರಸ ಹಿಂಡಿ ತೆಗೆದು, ಸಕ್ಕರೆ, ಚಕ್ಕೆ, ಲವಂಗ ಹಾಕಿ ಕೈಯಲ್ಲಿ ಉಂಡೆ ಕಟ್ಟಲು ಬರುವವರೆಗೆ ಬಾಡಿಸುತ್ತಾರೆ. ಹಿಂಡಿದ ರಸ ಚೆಲ್ಲಬೇಡಿ, ಷರಬತ್ತು ಮಾಡಿ. ಬನವಾಸಿ ಕಡೆಯ ಅನಾನಸ್ ಸಿಕ್ಕರೆ ಸಕ್ಕರೆ ರುಚಿ ನೋಡಿಕೊಂಡು ಹಾಕಿ, ಹಣ್ಣು ಸಿಹಿ ಇದ್ದಷ್ಟು ಕಡಿಮೆ ಸಾಕು. ಜಾಮ್ ಬಾಣಲೆ ಬಿಟ್ಟು ಬರಬೇಕು, ಅಷ್ಟರವರೆಗೆ ಆತುರ ಬೇಡ.

ಹಿಟ್ಟು 12 ಗ್ರಾಂ, ಜಾಮ್ 8 ಗ್ರಾಂ. ಚಿಕ್ಕ ಬಿಲ್ಲೆ ಒತ್ತಿ ಮಧ್ಯೆ ಗುಂಡಿ ಮಾಡಿ ಜಾಮ್ ಉಂಡೆ ಕೂರಿಸಿದರೆ ಅಚ್ಚೇ ಬೇಡ, ಒಂದು ಟ್ರೇನಲ್ಲಿ 20ಕ್ಕಿಂತ ಜಾಸ್ತಿ ಹಿಡಿಯುತ್ತವೆ. 160 ಡಿಗ್ರಿಯಲ್ಲಿ ಸುಮಾರು 20 ನಿಮಿಷ.

ಒಟಿಜಿ_ಹೊಸಬಳು

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಯೋಚಿಸಿದೆ, 40 ಅನಾನಸ್ ಜಾಮ್‌ನವು ಹಿಂದಿನ ದಿನವೇ ಮಾಡುತ್ತೇನೆ, ಅಚ್ಚಿನ ಕಷ್ಟವೂ ತಪ್ಪಿತು. ಕಸ್ಟರ್ಡ್‌ನವು 20 ಮಾತ್ರ, ಮಾವು ಮತ್ತು ದಾಳಿಂಬೆ ಹಾಕಿ, ಫ್ರಿಜ್‌ನಲ್ಲೇ ಇಟ್ಟು ಕೇಕ್ ಕತ್ತರಿಸಿದ ಮೇಲೆ ಮೇಲಕ್ಕೆ ತರುವುದು. ಕಿವಿ ಇಲ್ಲ ಅಂತ ಮಗಳಿಗೆ ಹೇಳಿದರೆ ಮುಖ ಊದಿಸಿಕೊಂಡಿದ್ದಾಳೆ, ಇರಲಿ. ಬೆರಟಿ ಇಲ್ಲಿ ಒಳ್ಳೆಯದು ಸಿಗುವುದು ಕಷ್ಟ, ಯಾರಾದರೂ ಊರಿನಿಂದ ತಂದರೆ ಖಂಡಿತ ಮಾಡುತ್ತೇನೆ.

ಒಂದೇ ಒಂದು ಅನುಮಾನ. ಬೆಣ್ಣೆ ಬದಲು ತುಪ್ಪ ಹಾಕಬಹುದಾ? ಮನೆಯಲ್ಲಿ ಕಾಯಿಸಿದ್ದು ತುಂಬಾ ಇದೆ.

ಬೆಣ್ಣೆ_ಬಿಸ್ಕತ್ತು

ಹಾಕಬಹುದು, ಆದರೆ ಅಷ್ಟೇ ತೂಕ ಅಲ್ಲ. ಬೆಣ್ಣೆಯಲ್ಲಿ ಕೊಬ್ಬು ಸುಮಾರು 80 ಭಾಗ, ಉಳಿದದ್ದು ಹೆಚ್ಚಾಗಿ ನೀರು. ತುಪ್ಪದಲ್ಲಿ ನೀರು ಇಲ್ಲವೇ ಇಲ್ಲ. 100 ಗ್ರಾಂ ಬೆಣ್ಣೆ ಬದಲು 80 ಗ್ರಾಂ ತುಪ್ಪ, ಫ್ರಿಜ್‌ನಲ್ಲಿ ಗಟ್ಟಿ ಮಾಡಿದ್ದು, ಮತ್ತೆ ನೀರು ಒಂದೆರಡು ಚಮಚ ಜಾಸ್ತಿ. ಬಟ್ಟಲು ನಾನ್‌ಖಟಾಯಿ ಥರ ಪುಡಿಪುಡಿ ಆಗುತ್ತದೆ, ಜಾಮ್ ಬಿಲ್ಲೆಗಳಿಗೆ ಅದು ಚೆನ್ನಾಗಿಯೇ ಇರುತ್ತದೆ. ಕಸ್ಟರ್ಡ್ ಬಟ್ಟಲಿಗೆ ಮಾತ್ರ ಬೆಣ್ಣೆಯೇ ಇರಲಿ, ತೆಗೆಯುವಾಗ ಅಂಚು ಒಡೆಯುವುದಿಲ್ಲ.

ಮತ್ತೆ ಒಟಿಜಿಯಲ್ಲಿ ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ, 15 ನಿಮಿಷ ಮೊದಲೇ ಬಿಸಿ ಮಾಡಿ, ಟ್ರೇ ಮಧ್ಯದ ಕಂಬಿಯಲ್ಲಿ. ಹಿಂದಿನ ಸಾಲು ಬೇಗ ಕೆಂಪಾಗುತ್ತದೆ, ಅರ್ಧ ಸಮಯಕ್ಕೆ ಟ್ರೇ ತಿರುಗಿಸಿ ಇಡಿ.