ಅಪ್‌ಡೇಟ್: ಲೋಡರ್ ಬಕೆಟ್‌ಗೆ ಹಿಚ್ ಹಾಕಿ ಟ್ರೈಲರ್ ಸರಿಸುವ ವಿಚಾರ

ಚನ್ನಗಿರಿ ಕಡೆಯ ನಮ್ಮ ಅಡಿಕೆ ಕಣ ಇಕ್ಕಟ್ಟು. ಟ್ರ್ಯಾಕ್ಟರ್‌ನ ಮುಂದಿನ ಲೋಡರ್ ಬಕೆಟ್‌ಗೆ (ಮಣ್ಣು, ಗೊಬ್ಬರ ಎತ್ತುವ ಬುಟ್ಟಿ) ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಕೂರಿಸಿ ಖಾಲಿ ಟ್ರೈಲರನ್ನು ಶೆಡ್ಡಿಗೆ ತಳ್ಳಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಈಗ ಕೆಲಸ ಚೆನ್ನಾಗಿ ನಡೆಯುತ್ತಿದೆ.

ಹಿಚ್ಚನ್ನು ಬಕೆಟ್‌ನ ನಟ್ಟ ನಡುವೆಯೇ ಹಾಕಿಸಿದೆ. ಒಂದು ಪಕ್ಕಕ್ಕೆ ಇದ್ದರೆ ಲೋಡರ್ ತೋಳು ತಿರುಚುತ್ತದೆ. ಬಕೆಟ್ ಅಂಚು ತೆಳು, ಬಾಗಬಾರದು ಅಂತ ಒಳಗೂ ಹೊರಗೂ ದಪ್ಪ ಪ್ಲೇಟ್ ಕೊಟ್ಟಿದ್ದೇವೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಬ್ರೇಕ್ ಬಗ್ಗೆ ಬಂದ ಮಾತು. ನಮ್ಮ ಕಡೆಯ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಮುಂದೆ ಭಾರ ಬಿದ್ದರೆ ಹಿಂಭಾಗ ಹಗುರವಾಗುತ್ತದೆ, ಇಳಿಜಾರಲ್ಲಿ ಬ್ರೇಕ್ ಒತ್ತಿದರೂ ಚಕ್ರ ಜಾರುತ್ತದೆ. ಅದಕ್ಕೇ ಹಿಂದೆ ಭಾರಕ್ಕೆ ಅಂತ ಕಲ್ಟಿವೇಟರ್ ಕಟ್ಟಿಕೊಂಡೇ ಕೆಲಸ ಮಾಡುತ್ತೇನೆ. ಎಡ, ಬಲ ಚಕ್ರದ ಬ್ರೇಕ್ ಪೆಡಲ್ ಎರಡೂ ಒಟ್ಟಿಗೇ ಒತ್ತುವಂತೆ ಚಿಲಕ ಹಾಕಿರುತ್ತೇನೆ. ಬಕೆಟ್ ಆದಷ್ಟು ಕೆಳಗೆ, ಗೇರ್ ಲೋ ಫಸ್ಟ್.

ಹಿಚ್ಚಿನ ಪಿನ್‌ಗೆ ಕ್ಲಿಪ್ ಇರಲೇಬೇಕು, ಜೊತೆಗೊಂದು ಸರಪಳಿ. ಪಿನ್ ಹಾಕುವಾಗ ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಆನ್, ಟ್ರೈಲರ್ ಗಾಲಿಗೆ ಕಲ್ಲು. ನಮ್ಮ ತಮ್ಮನಿಗೆ ಟ್ರೈಲರ್‌ನ ಮೂಕಿ (ಮುಂದಿನ ಎಳೆಯುವ ಕಂಬಿ) ಹಿಡಿದು ನಿಲ್ಲುವ ಅಭ್ಯಾಸ ಇತ್ತು, ಅದನ್ನು ಬಿಡಿಸಿದ್ದೇನೆ. ಟ್ರ್ಯಾಕ್ಟರ್ ಚಲಿಸುವಾಗ ನಡುವೆ ಯಾರೂ ಇರಬಾರದು.

ಲೋಡ್ ಇದ್ದರೆ ಹಿಂದಿನ ಹಿಚ್ಚೇ. ರಸ್ತೆಗಂತೂ ಹೀಗೆ ಇಳಿಸುವುದಿಲ್ಲ. ಪ್ಲೇಟ್ ಅಳತೆ ಕೇಳಿದವರಿಗೆ ಫೋಟೋ ಸಮೇತ ಹಾಕುತ್ತೇನೆ.